ಸವತಿಗೆ ಹೊಸ ಮೆತ್ತೆ

ಆ ಮನೆಯಲ್ಲಿ ದೋಣಿಗೆ ಸವತಿ ಎಂದೇ ಹೆಸರು. ಇಟ್ಟವರು ಅತ್ತೆ. ಮದುವೆಯಾದ ಹೊಸದರಲ್ಲಿ ಮಾವ ಯಾರೋ ಬೇಡವೆಂದು ಬಿಟ್ಟಿದ್ದ ದೋಣಿಯೊಂದನ್ನು ಎಳೆದು ತಂದರಂತೆ. ವಾರವೆಲ್ಲ ಊರಿನವರಿಗೆ ಬಾಗಿಲು ಕಿಟಕಿ ಮಾಡಿಕೊಡುವ ಬಡಗಿ, ರಜೆಯ ದಿನ ಬಂತೆಂದರೆ ಉಳಿ ಸುತ್ತಿಗೆ ಹಿಡಿದು ಅದರ ಹೊಟ್ಟೆಯೊಳಗೆ ಇಳಿದುಬಿಡುತ್ತಿದ್ದರಂತೆ. ಹಾಗೆ ಇಳಿದು ಇಳಿದು ಒಳಗೊಂದು ಪುಟ್ಟ ಕ್ಯಾಬಿನ್ನು ತಯಾರಾಯಿತು: ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಆಸನ, ನಡುವೆ ಮೇಜು, ಮೂಲೆಯಲ್ಲಿ ಒಲೆ, ಮೇಲೆ ತೊಲೆ ಹಾಕಿದ ಮಾಡು. "ನಂಗೊಂದು ಕಪಾಟು ಮಾಡ್ಕೊಡಿ ಅಂತ ಕೇಳಿ ಕೇಳಿ ಬಾಯಿ ಒಣಗ್ತು. ಅವಳಿಗೆ ಮನೇನೇ ಕಟ್ಕೊಟ್ರು" ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಹೇಳುವಾಗ ಮುಖದಲ್ಲಿ ಸಿಟ್ಟೇನೂ ಇರುವುದಿಲ್ಲ. ಸವತಿಯ ಮಡಿಲಲ್ಲಿ ಕೂತು ಎಷ್ಟೋ ಸಂಜೆ ಹೊಳೆ ಸುತ್ತಿದವರು ಅವರೂ ಹೌದು.

ಈ ಸವತಿಯನ್ನು ಮಾರುವ ಮಾತು ಎದ್ದದ್ದು ಒಂದು ದಿನ ಊಟಕ್ಕೆ ಕೂತಾಗ. ಎತ್ತಿದವನು ಮಗ. ಲೈಟು ಕಂಬ ಹತ್ತಿ ತಂತಿ ಸರಿಮಾಡುವುದು ಅವನ ಕೆಲಸ. ಅವನ ಎತ್ತರ ನೋಡಿದವರು ಇವನಿಗೆ ಏಣಿ ಯಾಕೆ ಬೇಕು ಎಂದು ಕೇಳುತ್ತಾರೆ. ಅಪ್ಪ ಕುಳ್ಳು, ಅಮ್ಮ ಕುಳ್ಳು, ಇವನೊಬ್ಬ ಯಾರ ಲೆಕ್ಕಕ್ಕೂ ಸಿಗದೆ ಬೆಳೆದುಬಿಟ್ಟಿದ್ದ. ಕೈಹಿಡಿದ ಹೆಂಡತಿಯೂ ಅವನ ಭುಜ ಮುಟ್ಟುವವಳಲ್ಲ. ಈ ಕತೆ ಅವಳದೇ, ಅಂದರೆ ಆ ಮನೆಯ ಸೊಸೆಯದು.

"ಹಲ್ಲಿನ ಡಾಕ್ಟ್ರು ಒಬ್ರು ದೋಣಿ ಹುಡುಕ್ತಿದಾರೆ. ನಮ್ಮದನ್ನ ಕೊಟ್ಟುಬಿಡೋಣ ಅಂತ" ಎಂದ ಗಂಡ.

"ಕೊಡು" ಎಂದರು ಮಾವ, ತಟ್ಟೆಯಿಂದ ತಲೆ ಎತ್ತದೆ.

"ಅಷ್ಟೇನಾ ಅಪ್ಪ?"

"ಇನ್ನೇನು ಮತ್ತೆ? ಓಡಿಸೋನು ನೀನು, ಬಣ್ಣ ಹೊಡಿಯೋನು ನೀನು. ಬೇಡ ಅಂದ್ರೆ ಕೊಡು."

ಗಂಡನ ಮುಖ ಇಳಿದುಹೋದದ್ದು ಸೊಸೆಗೆ ಕಂಡಿತು. ಪಾಪ, ಅವನು ಬಯಸಿದ್ದು ಬೈಗುಳ. ನಾನು ಕಟ್ಟಿದ ದೋಣಿ ಮಾರೋಕೆ ನೀನ್ಯಾರೋ ಎಂದು ಅಪ್ಪ ಒಂದು ಸಲ ಗದರಿದ್ದರೆ ಅವನು ಖುಷಿಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಹೆಚ್ಚುಕಡಿಮೆ ಒಂದು ವರ್ಷದಿಂದ ಮಾವ ದೋಣಿಯ ಕಡೆ ತಲೆ ಹಾಕಿರಲಿಲ್ಲ. ಕರೆದಾಗಲೆಲ್ಲ ಒಂದೊಂದು ನೆಪ. ಬಿಸಿಲು ಜಾಸ್ತಿ. ಗಾಳಿ ಸರಿಯಿಲ್ಲ. ಕ್ಯಾಬಿನ್ನು ವಾಸನೆ ಹೊಡೀತಿದೆ. ಮಗ ಇದಕ್ಕೆಲ್ಲ ತನ್ನದೇ ಕಾರಣ ಕಂಡುಕೊಂಡಿದ್ದ. ಹೋದ ವರ್ಷ ಅವನು ದೋಣಿಯನ್ನು ದಡದ ಕಟ್ಟೆಗೆ ತರುವಾಗ ತಿರುವು ತಪ್ಪಿ ಬದಿಯನ್ನು ಕಲ್ಲಿಗೆ ಉಜ್ಜಿದ್ದ. ಉದ್ದಕ್ಕೆ ಗೀಚು ಬಿತ್ತು. ಮಾವ ಆವತ್ತು ಏನೂ ಅನ್ನಲಿಲ್ಲ. ಅದಾದ ಮೇಲೆ ದೋಣಿಗೂ ಬರಲಿಲ್ಲ. "ನನ್ನ ಕೈಯಲ್ಲಿ ದೋಣಿ ನೋಡೋಕೆ ಅಪ್ಪಂಗೆ ಇಷ್ಟ ಇಲ್ಲ ಕಣೆ. ಅವರಿಗೇ ಬೇಡವಾದ್ದು ನಂಗ್ಯಾಕೆ" ಎಂದು ಅವನು ಹೆಂಡತಿಯ ಹತ್ತಿರ ಹೇಳಿದ್ದ. ಗೀಚು ಅಳಿಸಿ ಬಣ್ಣ ಹೊಡೆದಿದ್ದರೂ ಅದು ಅವನ ಮನಸ್ಸಿನಿಂದ ಹೋಗಿರಲಿಲ್ಲ.

ಸೊಸೆಗೆ ಸುತರಾಂ ಇಷ್ಟವಿರಲಿಲ್ಲ. ಮನೆಯಲ್ಲಿ ಮಾವನ ಬಾಯಿಂದ ಮಾತು ಹೊರಡಿಸುವುದೆಂದರೆ ಹಸಿ ಸೌದೆ ಹೊತ್ತಿಸಿದ ಹಾಗೆ. ಅದೇ ದೋಣಿ ಹತ್ತಿ ಬಲಗಡೆಯ ಆಸನದ ತುದಿಯಲ್ಲಿ ಕೂತರೆಂದರೆ ಬೇರೆಯೇ ಮನುಷ್ಯ. ಕತೆ ಹೇಳುತ್ತಿದ್ದರು, ಅಪಸ್ವರದಲ್ಲಿ ಹಾಡುತ್ತಿದ್ದರು, ಅತ್ತೆಯನ್ನು ರೇಗಿಸುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯ ಮೌನಕ್ಕೆ ಹೆದರಿ ಅತ್ತು ಮಲಗುತ್ತಿದ್ದವಳಿಗೆ ತಾನೂ ಈ ಮನೆಯವಳು ಎನಿಸಿದ್ದು ಆ ಕ್ಯಾಬಿನ್ನಿನಲ್ಲಿ. ದೋಣಿ ಹೋದರೆ ಆ ಮಾವನೂ ಹೋದರು ಎಂಬುದು ಅವಳಿಗೆ ಖಚಿತವಾಗಿತ್ತು.

ಆದರೆ ಗಂಡ ಕೇಳಿದ್ದು ಅವಳನ್ನೇ. "ಡಾಕ್ಟ್ರು ಒಂದ್ಸಲ ಇಣುಕಿ ನೋಡಿ ಹೋಗಿದಾರೆ. ಮೆತ್ತೆ ನೋಡಿ ಮುಖ ಸಿಂಡರಿಸಿದ್ರು. ಹೊಸದು ಹೊಲಿದು ಹಾಕ್ತೀಯಾ? ಬರೋ ಭಾನುವಾರ ಮತ್ತೆ ಬರ್ತಾರಂತೆ."

ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ನು ಇಟ್ಟುಕೊಂಡು ಸೋಫಾ, ಕಾರಿನ ಸೀಟು, ಪರದೆ ಎಲ್ಲ ಹೊಲಿದುಕೊಡುವವಳು. ಆಗಲ್ಲ ಎನ್ನಲು ಬಾಯಿಗೆ ಬಂದಿತ್ತು. ಹೊಲಿಯುವಷ್ಟು ದಿನವಾದರೂ ದೋಣಿ ನಮ್ಮದಾಗಿ ಇರುತ್ತದಲ್ಲ ಎಂದುಕೊಂಡು ಹೂಂ ಅಂದಳು.

ಮರುದಿನ ಹಳೆಯ ಪೇಪರು, ಕತ್ತರಿ, ಸೀಮೆಸುಣ್ಣ ಹಿಡಿದು ಒಬ್ಬಳೇ ದೋಣಿಗೆ ಹೋದಳು. ದೋಣಿಯ ಮೆತ್ತೆ ಸೋಫಾದ ಮೆತ್ತೆಯಂತಲ್ಲ. ಅಲ್ಲಿ ಒಂದು ಮೂಲೆಯೂ ನೆಟ್ಟಗಿರುವುದಿಲ್ಲ. ದೋಣಿಯ ಮೈ ಬಳುಕಿದಂತೆ ಆಸನವೂ ಬಳುಕುತ್ತದೆ, ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ, ಹಿಂಬದಿಯ ಅಂಚು ಓರೆ. ಟೇಪು ಹಿಡಿದು ಅಳೆದರೆ ಕೆಟ್ಟಿತು. ಹಲಗೆಯ ಮೇಲೆ ಪೇಪರು ಹಾಸಿ, ಅಂಚಿಗೆ ಒತ್ತಿ ಮಡಚಿ, ಮಡಚಿದಲ್ಲಿ ಕತ್ತರಿಸಿ ಅಚ್ಚು ತೆಗೆಯಬೇಕು. ಎಡಕ್ಕೆ ಬೇರೆ, ಬಲಕ್ಕೆ ಬೇರೆ.

ಹಳೆಯ ಮೆತ್ತೆಗಳು ನೋಡುವ ಹಾಗಿರಲಿಲ್ಲ. ಬಟ್ಟೆಯ ಬಣ್ಣ ಯಾವುದಿತ್ತೆಂದು ಅದಕ್ಕೇ ಮರೆತುಹೋಗಿತ್ತು. ಸ್ಪಂಜು ಮುಟ್ಟಿದರೆ ಪುಡಿಪುಡಿ. ಮಾವ ಕೂರುತ್ತಿದ್ದ ಜಾಗದಲ್ಲಂತೂ ಒಂದು ಗುಂಡಿಯೇ ಬಿದ್ದಿತ್ತು. ಸುಮ್ಮನೆ ಅಲ್ಲಿ ಕೂತು ನೋಡಿದಳು. ಸ್ಪಂಜು ಬುಸ್ಸೆಂದು ಕೆಳಗಿಳಿದು ಅವಳನ್ನು ನೇರ ಹಲಗೆಯ ಮೇಲೆ ಕೂರಿಸಿತು. ಮಂಡಿ ಹೊಟ್ಟೆಗಿಂತ ಮೇಲೆ ಬಂತು. ಏಳಲು ಹೋದರೆ ಏಳಲು ಆಗಲಿಲ್ಲ. ಕೈಗೆ ಸಿಕ್ಕ ಮೇಜಿನ ಅಂಚನ್ನು ಹಿಡಿದು ಮೈ ಎಳೆದುಕೊಂಡೇ ಏಳಬೇಕಾಯಿತು. ಎಳೆದಾಗ ಮೇಜು ಕಿರ್ರೆಂದಿತು.

ಆ ಸದ್ದು ಕೇಳಿ ಬಗ್ಗಿ ನೋಡಿದಳು. ಮೇಜಿನ ಹಲಗೆಯನ್ನು ಕಾಲಿಗೆ ಬಿಗಿದಿದ್ದ ಸ್ಕ್ರೂಗಳು ಮೂರು ಕಡೆ ಹಳೆಯವು, ತುಕ್ಕು ಹಿಡಿದು ಕಪ್ಪಾಗಿದ್ದವು. ಮಾವ ಕೂರುವ ಮೂಲೆಯಲ್ಲಿ ಮಾತ್ರ ಹೊಸ ಸ್ಕ್ರೂ, ಅದೂ ದಪ್ಪದ್ದು. ಪಕ್ಕದಲ್ಲಿ ಹಳೆಯ ಸ್ಕ್ರೂ ಕಿತ್ತುಬಂದ ತೂತುಗಳು, ಒಂದರ ಬದಿಗೊಂದು, ಮರದ ಪುಡಿಯಿಂದ ನೀಟಾಗಿ ಮುಚ್ಚಿದಂಥವು. ಅಂಥ ಕೆಲಸ ಆ ಮನೆಯಲ್ಲಿ ಒಬ್ಬರಿಗೇ ಬರುವುದು.

ಸೊಸೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಾವನ ಮಂಡಿನೋವು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ಅವರು ಕೂರುವುದು ಗಟ್ಟಿ ಮರದ ಕುರ್ಚಿಯಲ್ಲಿ. ಒಮ್ಮೆ ಯಾರದೋ ಮನೆಯ ಮೆತ್ತನೆ ಸೋಫಾದಲ್ಲಿ ಸಿಕ್ಕಿಕೊಂಡಾಗ ಮಗ ಎಲ್ಲರೆದುರು ಕಂಕುಳಿಗೆ ಕೈಹಾಕಿ ಮಗುವನ್ನು ಎತ್ತಿದ ಹಾಗೆ ಎತ್ತಿ ನಿಲ್ಲಿಸಿದ್ದ. ಅವನಿಗೆ ಅದು ಸಹಾಯ. ಮಾವ ಮನೆಗೆ ಬಂದು ಎರಡು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ. ಅಂಥವರು ತಾವೇ ಕಟ್ಟಿದ ದೋಣಿಯಲ್ಲಿ, ತಾವೇ ಮಾಡಿದ ಆಸನದಿಂದ ಏಳಲಾಗದೆ ಮೇಜು ಹಿಡಿದು ಜಗ್ಗಿ, ಜಗ್ಗಿದ್ದು ಗೊತ್ತಾಗದಿರಲಿ ಎಂದು ಸ್ಕ್ರೂ ಬದಲಿಸಿ, ಕೊನೆಗೆ ಬರುವುದನ್ನೇ ಬಿಟ್ಟಿದ್ದರು. ಅವಳಿಗೆ ಅಳು ಬಂತು. ಜೊತೆಗೆ ಈ ಗಂಡಸರ ಮೇಲೆ ಸಿಟ್ಟೂ ಬಂತು. ಅಪ್ಪ ಮಂಡಿ ಮುಚ್ಚಿಟ್ಟುಕೊಂಡಿದ್ದಾರೆ, ಮಗ ಗೀಚು ಹಿಡಿದು ಕೂತಿದ್ದಾನೆ, ನಡುವೆ ದೋಣಿ ಹಲ್ಲಿನ ಡಾಕ್ಟರ ಪಾಲಾಗುತ್ತಿದೆ.

ಗಂಡನಿಗೆ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಹೇಳಿದರೆ ಅವನು ಓಡಿಹೋಗಿ ಅಪ್ಪನನ್ನು ಮತ್ತೆ ಕಂಕುಳಲ್ಲಿ ಎತ್ತುತ್ತಾನೆ ಎಂದು ಗೊತ್ತಿದ್ದರಿಂದ ಬಾಯಿಗೆ ಬೀಗ ಹಾಕಿಕೊಂಡಳು. ಮಾತಿಗಿಂತ ಮೆತ್ತೆಯೇ ವಾಸಿ.

ಮೆತ್ತೆಯ ದಪ್ಪವನ್ನು ಅವಳು ಅಳೆದದ್ದು ಯಾರೂ ಎಂದೂ ಕೂರದ ಮೂಲೆಯಲ್ಲಿ. ಅದು ಅವಳ ಕಸುಬಿನ ಪದ್ಧತಿ. ಎಷ್ಟೇ ಸವೆದ ಸೋಫಾ ಇರಲಿ, ಒಂದು ಮೂಲೆ ಮಾತ್ರ ಹುಟ್ಟಿದಾಗ ಹೇಗಿತ್ತೋ ಹಾಗೇ ಉಳಿದಿರುತ್ತದೆ. ಇಲ್ಲಿ ನಡುವೆ ಎರಡು ಬೆರಳು ದಪ್ಪವಿದ್ದ ಮೆತ್ತೆ ಆ ಮೂಲೆಯಲ್ಲಿ ಆರು ಬೆರಳಿತ್ತು. ಆರು ಬೆರಳು ಎಂದು ತಲೆಯಲ್ಲಿಟ್ಟುಕೊಂಡು ಫೋಮಿನ ಅಂಗಡಿಗೆ ಹೋದಳು.

ಅಂಗಡಿಯವನು ಮಾತುಗಾರ. ಒಂದೊಂದು ಫೋಮಿಗೂ ಮುಷ್ಟಿಯಿಂದ ಗುದ್ದಿ ಗುಣಗಾನ ಮಾಡಿದ. ಸೊಸೆ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಒಂದು ತುಂಡನ್ನು ತಗ್ಗು ಬೆಂಚಿನ ಮೇಲೆ ಹಾಕಿ, ಕೈಕಟ್ಟಿ ಕೂತಳು, ಕೈಕಟ್ಟಿಕೊಂಡೇ ಎದ್ದಳು. ಇನ್ನೊಂದು ತುಂಡು ಹಾಕಿದಳು. ಕೂತಳು, ಎದ್ದಳು. ಅಂಗಡಿಗೆ ಬಂದವರು ತಮ್ಮ ವ್ಯಾಪಾರ ಬಿಟ್ಟು ಇವಳನ್ನೇ ನೋಡತೊಡಗಿದರು.

"ಏನಕ್ಕಾ, ಏನಾದ್ರೂ ತಪ್ಪು ಮಾಡಿದ್ರಾ? ಬಸ್ಕಿ ಹೊಡೀತಿದೀರಲ್ಲ" ಎಂದ ಅಂಗಡಿಯವನು.

"ಕೂರೋಕೆ ಯಾವ ಫೋಮಾದ್ರೂ ಆಗುತ್ತೆ ಕಣಪ್ಪ. ನಂಗೆ ಏಳೋಕೆ ಬೇಕು."

ಅವನಿಗೆ ಅರ್ಥವಾಗಲಿಲ್ಲ. ಆದರೂ ಒಳಗಿನಿಂದ ಗಟ್ಟಿಯಾದದ್ದೊಂದನ್ನು ತಂದು ಹಾಕಿದ. ಅದರ ಮೇಲೆ ಕೂತರೆ ಅದೇ ಎಬ್ಬಿಸಿ ಕಳಿಸುವಂತಿತ್ತು. ಅದನ್ನೇ ಕತ್ತರಿಸಿಕೊಂಡು ಬಂದಳು.

ನಾಲ್ಕು ದಿನ ಮಿಷನ್ನಿಗೆ ಬಿಡುವಿರಲಿಲ್ಲ. ದಪ್ಪ ನೀಲಿ ಬಟ್ಟೆ, ಅಂಚಿಗೆ ಬಿಳಿ ಪೈಪಿಂಗು, ಹಿಂದುಗಡೆ ಕಾಣದಂತೆ ಜಿಪ್ಪು. "ನನ್ನ ಸವತಿಗೆ ಸಿಂಗಾರ ಜೋರಾಗಿದೆ. ಗಂಡಿನ ಕಡೆಯವರು ನೋಡೋಕೆ ಬರ್ತಿದಾರಲ್ಲ" ಎಂದು ಅತ್ತೆ ಬಾಗಿಲಲ್ಲಿ ನಿಂತು ನಕ್ಕರು. ಮಾವ ಆ ಕಡೆಯಿಂದ ಈ ಕಡೆಗೆ ಹೋಗುವಾಗ ಹೊಲಿಗೆಯ ಮೇಲೆ ಒಂದು ಬೆರಳಾಡಿಸಿ ಮುಂದೆ ಹೋದರು. ಶನಿವಾರ ಗಂಡ ಎಲ್ಲೋ ಬಿದ್ದ ಕಂಬ ಎತ್ತಲು ಹೋಗಿದ್ದ. ಸೊಸೆ ಒಬ್ಬಳೇ ಮೆತ್ತೆಗಳನ್ನು ಒಯ್ದು ಜೋಡಿಸಿದಳು. ಒಂದು ನೂಲಿನಷ್ಟೂ ಸಂದಿಯಿಲ್ಲದೆ ಕೂತುಕೊಂಡವು. ತಾನೂ ಕೂತು, ಎದ್ದು, ಮತ್ತೆ ಕೂತು ನೋಡಿ ತೃಪ್ತಿಯಿಂದ ಮನೆಗೆ ಬಂದಳು. ಎಲ್ಲವನ್ನೂ ಅಳೆದಿದ್ದವಳು ಒಂದನ್ನು ಮಾತ್ರ ಅಳೆಯಲು ಮರೆತಿದ್ದಳು.

ಭಾನುವಾರ ಡಾಕ್ಟರು ಬಂದರು. ಒಳ್ಳೆಯ ಮನುಷ್ಯ, ಬಾಯ್ತುಂಬ ನಗು, ಎತ್ತರದಲ್ಲಿ ಗಂಡನಿಗೆ ಜೋಡಿ. ಅವರಿಗೆ ಇಂಜಿನ್ನಿನ ಸದ್ದು ಕೇಳಬೇಕಿತ್ತು. ಸವತಿಯ ಇಂಜಿನ್ನು ಮಾವನ ಕೈಗಲ್ಲದೆ ಬೇರೆಯವರಿಗೆ ಮೊದಲ ಸಲಕ್ಕೆ ಬಗ್ಗುವುದಿಲ್ಲ. ಮಗ ಅರ್ಧ ಗಂಟೆ ಕಾಡಿಸಿಕೊಳ್ಳಬೇಕು. ಹಾಗಾಗಿ ಮಾವ ಬರಲೇಬೇಕಾಯಿತು. ಬಂದರು, ಒಳಗಿಳಿದರು, ಇಂಜಿನ್ನಿನ ಪೆಟ್ಟಿಗೆ ತೆರೆದು ಎಲ್ಲೋ ಒತ್ತಿ ಎಲ್ಲೋ ತಟ್ಟಿದರು. ಸವತಿ ಗುರ್ರೆಂದು ಎಚ್ಚರವಾದಳು. ಕೆಲಸ ಮುಗಿಯಿತೆಂದು ಮಾವ ಮೆಟ್ಟಿಲ ಕಡೆ ತಿರುಗಿದರು.

"ಮಾವ, ಮೆತ್ತೆ ಹೇಗಿದೆ ನೋಡಿ ಹೇಳಿ" ಎಂದಳು ಸೊಸೆ.

"ನೋಡಿದ್ನಲ್ಲಮ್ಮ. ಚೆನ್ನಾಗಿದೆ."

"ಕೂತು ನೋಡಿ."

"ನಿಂತ್ರೇ ಕಾಣುತ್ತೆ" ಎಂದರು ಮಾವ ಕಡ್ಡಿ ಮುರಿದ ಹಾಗೆ.

ಅಷ್ಟರಲ್ಲಿ ಡಾಕ್ಟರು ಬಗ್ಗಿಕೊಂಡು ಒಳಬಂದರು. "ಆಹಾ, ಏನು ಚೆಂದ" ಎನ್ನುತ್ತ ಎಡಗಡೆ ಕೂತು ಬೆನ್ನು ನೆಟ್ಟಗೆ ಮಾಡಿದರು. ಠಕ್ಕೆಂದಿತು. ಮಾಡಿನ ತೊಲೆಗೆ ತಲೆ.

"ಏನಿಲ್ಲ, ಏನಿಲ್ಲ" ಎಂದು ತಲೆ ಉಜ್ಜಿಕೊಂಡರು.

ತಾನು ಅಳೆಯದೆ ಬಿಟ್ಟದ್ದು ಏನೆಂದು ಸೊಸೆಗೆ ಆಗ ಹೊಳೆಯಿತು. ಮಾವ ಈ ಕ್ಯಾಬಿನ್ನನ್ನು ಕಟ್ಟಿದ್ದು ತಮ್ಮ ತಲೆಯ ಅಳತೆಗೆ. ಮಗ ಬೆಳೆಯುತ್ತ ಹೋದ, ಮೆತ್ತೆ ಕುಸಿಯುತ್ತ ಹೋಯಿತು. ಎರಡೂ ಸರಿಸಮವಾಗಿ ನಡೆದದ್ದರಿಂದ ಯಾರಿಗೂ ಗೊತ್ತೇ ಆಗಿರಲಿಲ್ಲ. ಈಗ ಮೆತ್ತೆ ತಿರುಗಿ ಹಳೆಯ ಎತ್ತರಕ್ಕೆ ಬಂದಿತ್ತು. "ರೀ, ನಿಧಾನ" ಎಂದು ಅವಳು ಹೇಳುವಷ್ಟರಲ್ಲೇ ಗಂಡ, "ಸ್ವಲ್ಪ ಮುಂದೆ ಕೂರ್ಬೇಕು ಡಾಕ್ಟ್ರೇ, ಹೀಗೆ" ಎಂದು ಡಾಕ್ಟರ ಎದುರು, ಬಲಗಡೆಯಲ್ಲಿ, ಎಂದಿನ ಅಭ್ಯಾಸದಂತೆ ದೊಪ್ಪನೆ ಕೂತ. ಹಳೆಯ ಮೆತ್ತೆಯಾಗಿದ್ದರೆ ನುಂಗಿಕೊಳ್ಳುತ್ತಿತ್ತು. ಹೊಸ ಫೋಮು ಅವನನ್ನು ಮೇಲಕ್ಕೆ ಪುಟಿಸಿತು. ತಲೆ ತೊಲೆಗೆ ಬಡಿದು, ಹಲ್ಲು ನಾಲಿಗೆ ಕಚ್ಚಿ, ಬಾಯಿಂದ ರಕ್ತ ಬಂತು.

"ಬಾಯಿ ತೆಗೀರಿ" ಎಂದರು ಡಾಕ್ಟರು, ದೋಣಿ ಕೊಳ್ಳಲು ಬಂದದ್ದನ್ನು ಮರೆತು. ಜೇಬಿನಿಂದ ಪುಟ್ಟ ಟಾರ್ಚು ಬಂತು. ಇಕ್ಕಟ್ಟಿನ ಕ್ಯಾಬಿನ್ನು, ಅವರು ನಡುವೆ ಬಗ್ಗಿ ನಿಂತ ಮೇಲೆ ಉಳಿದವರಿಗೆ ನಿಲ್ಲಲು ಜಾಗವಿಲ್ಲ. "ನೀವೆಲ್ಲ ಸ್ವಲ್ಪ ಕೂತ್ಕೊಳ್ಳಿ" ಎಂದರು. ಮಾವ ಬೇರೆ ದಾರಿಯಿಲ್ಲದೆ ಬಲಗಡೆಯ ತುದಿಯಲ್ಲಿ, ತಮ್ಮ ಹಳೆಯ ಜಾಗದಲ್ಲೇ ಕೂತರು. ಕೂರುವಾಗಲೇ ಒಂದು ಕೈ ಮೇಜಿನ ಅಂಚಿಗೆ ಹೋಗಿತ್ತು. ಇಷ್ಟೆಲ್ಲ ಜನರ ಎದುರು ಅವರಿಗೆ ಏಳಲು ಆಗದಿದ್ದರೆ ಅವಳು ತನ್ನನ್ನು ತಾನು ಕ್ಷಮಿಸಿಕೊಳ್ಳುವಂತಿರಲಿಲ್ಲ.

"ನಾಲಿಗೆ ಹೊರಗೆ. ಹಾಂ. ಹೊಲಿಗೆ ಏನೂ ಬೇಡ. ಬಾಯಿ ಮುಕ್ಕಳಿಸೋಕೆ ಸ್ವಲ್ಪ ನೀರು ಬೇಕಲ್ಲ" ಎಂದರು ಡಾಕ್ಟರು.

ನೀರಿನ ಹೂಜಿ ಒಲೆಯ ಪಕ್ಕದ ಗೂಡಿನಲ್ಲಿತ್ತು. ಅದು ಅಲ್ಲಿರುವುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಗೂಡು ಮಾಡಿದವರಿಗೆ. ಮಗನ ಬಾಯಲ್ಲಿ ರಕ್ತ ನೋಡಿದ್ದ ಮಾವ ಎದ್ದರು, ಹೋದರು, ಲೋಟಕ್ಕೆ ನೀರು ಬಗ್ಗಿಸಿಕೊಂಡರು. ಅಷ್ಟೇ. ಕೈ ಮೇಜನ್ನು ಮುಟ್ಟಲಿಲ್ಲ. ಮಂಡಿಯ ಮೇಲೆ ಊರಲಿಲ್ಲ. ಬೇರೆ ಯಾರಾದರೂ ಎದ್ದ ಹಾಗೆ ಎದ್ದರು.

ಲೋಟ ಹಿಡಿದು ತಿರುಗಿದ ಮೇಲೆ ಅವರಿಗೆ ಹೊಳೆಯಿತು. ಆಸನವನ್ನು ನೋಡಿದರು. ಲೋಟವನ್ನು ಸೊಸೆಯ ಕೈಗೆ ಕೊಟ್ಟು, ಮತ್ತೆ ಕೂತರು. ಮತ್ತೆ ಎದ್ದರು. ಕಿಟಕಿಯಾಚೆ ಏನೋ ನೋಡುವವರಂತೆ ಒಂದು ಗಳಿಗೆ ನಿಂತು ಇನ್ನೊಮ್ಮೆ ಕೂತು, ಇನ್ನೊಮ್ಮೆ ಎದ್ದರು. ಮುಖದಲ್ಲಿ ಮೂಡುತ್ತಿದ್ದ ನಗುವನ್ನು ಅದುಮಿಡಲು ಅವರು ಪಡುತ್ತಿದ್ದ ಪಾಡು ನೋಡಿ ಸೊಸೆ ಬೇರೆ ಕಡೆ ತಿರುಗಿಕೊಂಡಳು.

ತಿರುಗಿದರೆ ಎದುರಿಗೆ ಗಂಡ. ಬಾಯಿ ಅಗಲವಾಗಿ ತೆರೆದಿತ್ತು, ನಾಲಿಗೆ ಡಾಕ್ಟರ ಕೈಯಲ್ಲಿತ್ತು, ಕಣ್ಣು ಮಾತ್ರ ಓರೆಯಾಗಿ ಅಪ್ಪನ ಮೇಲೆ ನೆಟ್ಟಿತ್ತು. ಅಪ್ಪನನ್ನು ನೋಡಿದ, ಅಪ್ಪ ಕೈಯೂರದೆ ಬಿಟ್ಟ ಮೇಜಿನ ಮೂಲೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಹೌದೆಂದು ಮೆಲ್ಲಗೆ ತಲೆಯಾಡಿಸಿದಳು. ಒಂದು ವರ್ಷದಿಂದ ಎದೆಯ ಮೇಲೆ ಹೊತ್ತಿದ್ದ ಗೀಚು ಅಲ್ಲೇ, ಬಾಯಿ ತೆರೆದುಕೊಂಡಿದ್ದಾಗಲೇ, ಇಳಿಯಿತು. ಅವನ ಕಣ್ಣಿಂದ ನೀರು ಹರಿದು ಗಲ್ಲಕ್ಕೆ ಬಂತು.

"ತುಂಬಾ ನೋವಾಗ್ತಿದೆಯಾ?" ಎಂದರು ಡಾಕ್ಟರು.

ಅವನು ಇಲ್ಲವೆಂದು ತಲೆಯಾಡಿಸಲು ಹೋಗಿ ಮತ್ತೊಮ್ಮೆ ತೊಲೆಗೆ ಬಡಿಸಿಕೊಂಡ.

ಬಾಯಿ ಮುಕ್ಕಳಿಸಿ ಆದ ಮೇಲೆ ಡಾಕ್ಟರು ವ್ಯವಹಾರಕ್ಕೆ ಬಂದರು. "ದೋಣಿ ನಂಗೆ ಒಪ್ಪಿಗೆ. ಈ ಮೆತ್ತೆ ಮಾತ್ರ ನಾಲ್ಕು ಬೆರಳು ತೆಳ್ಳಗೆ ಮಾಡಿಸಿಕೊಟ್ಬಿಡಿ. ಇಲ್ಲಾಂದ್ರೆ ನನ್ನ ಬುರುಡೆ ಉಳಿಯಲ್ಲ."

ಮಾವನ ಮುಖದ ನಗು ಆರಿಹೋಯಿತು. ಗಂಡ ಊದಿಕೊಂಡ ನಾಲಿಗೆಯಲ್ಲಿ, ಒಂದೊಂದೇ ಮಾತನ್ನು ಎತ್ತಿಡುತ್ತ ಹೇಳಿದ: "ಮೆತ್ತೆ ತೆಳ್ಳಗೆ ಮಾಡಲ್ಲ ಡಾಕ್ಟ್ರೇ. ದೋಣೀನೂ ಕೊಡಲ್ಲ. ತಪ್ಪು ತಿಳ್ಕೋಬೇಡಿ, ನಿಮ್ಮನ್ನ ಸುಮ್ನೆ ಅಲೆಸಿದೆ."

"ಯಾಕೋ? ತೆಳ್ಳಗೆ ಮಾಡಿದ್ರೆ ಏನಾಗುತ್ತೆ? ನಿಂಗೂ ತಲೆ ಬಡಿಯುತ್ತಲ್ಲ" ಎಂದರು ಮಾವ, ಅವನ ಮುಖ ನೋಡದೆ.

"ಬಡೀಲಿ ಬಿಡಪ್ಪ. ನಾನು ಬಗ್ಗಿ ಕೂರ್ತೀನಿ."

ಮಾವ ಇಂಜಿನ್ನಿನ ಪೆಟ್ಟಿಗೆಯ ಮುಚ್ಚಳವನ್ನು ಬೇಕಿಲ್ಲದಿದ್ದರೂ ಒಮ್ಮೆ ತೆರೆದು ಮುಚ್ಚಿದರು. ಡಾಕ್ಟರು ಬುದ್ಧಿವಂತರು. ಬುರುಡೆ ಉಳಿಯಿತಲ್ಲ ಎಂದು ನಕ್ಕು, ಎರಡು ದಿನ ಬಿಸಿ ಪದಾರ್ಥ ತಿನ್ನಬೇಡಿ ಎಂದು ಹೇಳಿ, ಫೀಸು ಕೇಳದೆ ಕಟ್ಟೆ ಹತ್ತಿ ಹೋದರು.

ಇಂಜಿನ್ನು ಇನ್ನೂ ಗುರುಗುಟ್ಟುತ್ತಲೇ ಇತ್ತು. "ಹೇಗೂ ಚಾಲೂ ಮಾಡಿದ್ದಾಗಿದೆ. ಒಂದು ಸುತ್ತು ಹೋಗಿ ಬರೋಣ" ಎಂದರು ಮಾವ. ಮಗ ಸರಿದು ಸ್ಟೀರಿಂಗ್ ಬಿಟ್ಟುಕೊಟ್ಟ. ಅವರು ಕೈ ಆಡಿಸಿದರು. "ನೀನೇ ಓಡಿಸು. ಗೀಚಿದ್ರೆ ಗೀಚ್ಲಿ, ಬಣ್ಣ ಇನ್ನೂ ಅರ್ಧ ಡಬ್ಬ ಇದೆ." ಆಮೇಲೆ ತಮ್ಮ ಜಾಗದಲ್ಲಿ ಕೂತು, ಸೊಸೆಯ ಕಡೆ ತಿರುಗಿ, "ಒಳ್ಳೆ ಕೆಲಸ ಕಲಿತಿದೀಯ ಕಣಮ್ಮ" ಎಂದರು. ಅವರ ಬಾಯಿಂದ ಅವಳು ಅಲ್ಲಿಯವರೆಗೆ ಕೇಳಿದ್ದ ಹೊಗಳಿಕೆಯಲ್ಲಿ ಅದೇ ಅತಿ ಉದ್ದದ್ದು. ಹೊಳೆಯ ನಡುವಿಗೆ ಹೋದ ಮೇಲೆ ಅಪಸ್ವರದ ಹಾಡು ಶುರುವಾಯಿತು.

ಮನೆಗೆ ಬಂದಾಗ ಅತ್ತೆ ಮೂವರ ಮುಖವನ್ನೂ ನೋಡಿದರು. "ಮಾರಲಿಲ್ಲ ತಾನೇ? ನಂಗೊತ್ತಿತ್ತು. ಸವತಿ ಅಷ್ಟು ಸುಲಭಕ್ಕೆ ಜಾಗ ಖಾಲಿ ಮಾಡ್ತಾಳಾ" ಎಂದು ಹೇಳಿ, ಮುಂದಿನ ಭಾನುವಾರ ತಾನೂ ಬರುವುದಾಗಿ ಅಲ್ಲೇ ಸಾರಿದರು.

ಉಳಿದ ನೀಲಿ ಬಟ್ಟೆ ಮತ್ತು ಫೋಮಿನ ತುಂಡುಗಳಿಂದ ಸೊಸೆ ಇನ್ನೊಂದು ಪುಟ್ಟ ಮೆತ್ತೆ ಹೊಲಿದಳು. ಅದಕ್ಕೂ ಬಿಳಿ ಪೈಪಿಂಗು. ಅದನ್ನು ಗಂಡ ಕೂರುವ ಜಾಗದ ನೇರಕ್ಕೆ ಮೇಲಿನ ತೊಲೆಗೆ ಮೊಳೆ ಹೊಡೆದು ಕೂರಿಸಿದವರು ಮಾವ. ಈಗ ಅವನು ಕೂತಾಗ ಠಕ್ಕೆನ್ನುವುದಿಲ್ಲ, ಬರೀ ದೊಪ್ಪೆನ್ನುತ್ತದೆ. ಮೇಜಿನ ಆ ಮೂಲೆಯ ಸ್ಕ್ರೂ ಮಾತ್ರ ಮತ್ತೆ ಯಾವತ್ತೂ ಸಡಿಲವಾಗಲಿಲ್ಲ.